ಎಡಕ್ಕೆ ವಾಲಿದ ಮೂಗು

ಸಯನ್, ಮುಂಬಯಿ
೧೪ ಏಪ್ರಿಲ್ ೧೯೭೪

ನನ್ನ ಮುದ್ದು ಶೀಲಾವತಿಗೆ,

ನಿನ್ನ ಅವ್ವನ ಆಶೀರ್ವಾದಗಳು. ಅಪ್ಪ ಮದುವೆ ಹಂದರಕ್ಕೆ ಬಿದಿರು ತರಿಸಿದ ಸುದ್ದಿ ಓದಿ ಖುಷಿಯಾಯಿತು. ನಿನ್ನ ಉಳಿದ ಕಾಗದವೆಲ್ಲ ನನ್ನ ಮೂಗಿನದೇ ಪುರಾಣ.

ಹೌದು, ನಾನು ಕಳಿಸಿದ ಫೋಟೋದಲ್ಲಿ ಮೂಗು ಎಡಕ್ಕೆ ವಾಲಿದೆ. ಫೋಟೋದವನ ತಪ್ಪಲ್ಲ, ಮೂಗೇ ವಾಲಿದೆ. ಆಪರೇಷನ್ ಆದ ಹೊಸದರಲ್ಲಿ ನೆಟ್ಟಗಿತ್ತು, ಬಾವು ಇಳಿದ ಮೇಲೆ ಹೀಗಾಯಿತು. ನಾನೂ ಹೆದರಿದೆ. ಕನ್ನಡಿ ನೋಡಿ ನೋಡಿ ಪಕ್ಕದ ಖೋಲಿಯ ನೀಲಾವತಿಯ ಕೈಲಿ ಬೈಸಿಕೊಂಡೆ. ಡಾಕ್ಟರನ್ನು ಕೇಳಿದರೆ, ಸೊಂಟದಿಂದ ತೆಗೆದು ಕೂಡಿಸಿದ ಎಲುಬು ಗಟ್ಟಿಯಾಗಿ ಕೂತಿದೆ, ಬೇಕಾದರೆ ಮತ್ತೊಮ್ಮೆ ಕೊಯ್ದು ನೆಟ್ಟಗೆ ಮಾಡುತ್ತೇನೆ ಎಂದರು. ಬೇಡ ಎಂದು ಬಂದೆ. ಈಗ ಆಸ್ಪತ್ರೆಯಲ್ಲಿ ಮಲಗಿದರೆ ನಿನ್ನ ಮದುವೆ ತಪ್ಪುತ್ತದೆ.

ಕುಷ್ಠ ನನ್ನ ಮೂಗನ್ನು ತಿಂದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ. ಚಿಕಿತ್ಸೆಗೆಂದು ಇಲ್ಲಿಗೆ ಬಂದವಳು ಇಲ್ಲೇ ಉಳಿದೆ. ರೋಗ ವಾಸಿಯಾಗಿ ಎಷ್ಟೋ ವರ್ಷವಾದರೂ, ಕುಸಿದ ಮೂಗು ಕಂಡವರು ಲೋಕಲ್‌ನಲ್ಲಿ ದೂರ ಸರಿದು ಕೂರುತ್ತಿದ್ದರು. ಈಗ ಲೇಡೀಸ್ ಡಬ್ಬಿಯಲ್ಲಿ ನನ್ನನ್ನೂ ಎಲ್ಲರ ಹಾಗೆ ನೂಕುತ್ತಾರೆ. ಮೊನ್ನೆ ಒಬ್ಬಳು, ಮೌಸಿ ಜರಾ ಸರಕೋ, ಚೂರು ಸರಿ ಎನ್ನುತ್ತ ನನ್ನ ತೊಡೆಯ ಮೇಲೇ ಕೂತಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ನಾನು ಇಳಿಯುವ ಸ್ಟೇಷನ್ ಬಂದರೂ ಅವಳನ್ನು ಏಳು ಎನ್ನಲಿಲ್ಲ. ಚಷ್ಮಾ ಜಾರದೆ ನಿಲ್ಲುತ್ತದೆ, ಮಷಿನ್ನಿನ ಸೂಜಿಗೆ ನಾನೇ ದಾರ ಪೋಣಿಸುತ್ತೇನೆ. ನಿನ್ನ ಕುಪ್ಪಸಗಳೆಲ್ಲ ಸಿದ್ಧವಾಗಿವೆ. ಇಷ್ಟು ಕೆಲಸಕ್ಕೆ ಬರುವ ಮೂಗು ಚೂರು ವಾಲಿದರೆ ವಾಲಲಿ.

ನೀನು, ಅವ್ವ ಮುಂಬಯಿಯಲ್ಲಿ ಹೊಲಿಗೆ ಮಾಡುತ್ತಾಳೆ ಎಂದಷ್ಟೇ ಬೀಗರಿಗೆ ಹೇಳಿದ್ದೇವೆ, ಮೂಗು ನೋಡಿ ರೋಗದ ಗುರುತು ಹಿಡಿದರೆ ಸಂಬಂಧ ಮುರಿಯುತ್ತದೆ, ಅದನ್ನು ಸರಿ ಮಾಡಿಸಿಕೊಂಡು ಮದುವೆ ಮುಗಿದ ಮೇಲೆ ಬಾ ಎಂದು ಬರೆದಿದ್ದೀಯ. ಆ ಸಾಲು ಓದಿ ಅಳು ಬಂತು, ಸಿಟ್ಟೂ ಬಂತು. ನಿನ್ನ ಹೆದರಿಕೆ ಸುಳ್ಳಲ್ಲ, ನಾನು ಬಲ್ಲೆ. ಆದರೆ ನಾನು ಬರುತ್ತೇನೆ. ಮುಖದ ಮೇಲೆ ಸೆರಗು ಎಳೆದುಕೊಳ್ಳುವುದಿಲ್ಲ. ಮದುವೆಯ ಸುರಿಗಿ ನೂಲು ಸುತ್ತುವಾಗ ನಿನ್ನ ಪಕ್ಕದಲ್ಲಿ ಕೂರುವವಳು ನಾನೇ.

ಅಪ್ಪನಿಗೆ ಬಿಸಿಲಲ್ಲಿ ಓಡಾಡಬೇಡ ಅಂತ ಹೇಳು.

ನಿನ್ನ ಅವ್ವ,
ಸುಂದ್ರವ್ವ

ತಾ.ಕ.: ಒಂದು ಸಂಗತಿ ಬರೆಯಬಾರದೆಂದಿದ್ದೆ. ನಿನ್ನ ಅತ್ತೆಯಾಗುವ ಗುರುಬಾಯಿಯವರು ಅಂಧೇರಿಯಲ್ಲಿ ಕಟ್ಟಡದ ಗೌಂಡಿ ಕೆಲಸದಲ್ಲಿರುವ ತಮ್ಮ ಅಣ್ಣನನ್ನು ನೋಡಲು ಬಂದವರು, ಹೋದ ಭಾನುವಾರ ವಿಳಾಸ ಕೇಳಿಕೊಂಡು ನನ್ನ ಖೋಲಿಗೂ ಬಂದಿದ್ದರು. ಮೂಗಿಗೆ ಏನಾತ್ರಿ ಎಂದು ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನನ್ನ ತಾಟಿನ ರೊಟ್ಟಿಯನ್ನೇ ಮುರಿದು ತಿಂದರು. ಹೋಗುವಾಗ, ನಾ ಬಂದಿದ್ದು ಮಗಳಿಗೆ ಹೇಳಬ್ಯಾಡ್ರಿ, ಅವ್ವನ ಸುದ್ದಿ ಆಕಿ ಬಾಯಿಂದನ ಯಾವಾಗ ಬರತೈತಿ ನೋಡೂಣು ಎಂದರು. ಆಗಲಿ ಎಂದು ಮಾತು ಕೊಟ್ಟಿದ್ದೆ, ಈಗ ಮುರಿದಿದ್ದೇನೆ. ನಾನು ಬರುವ ಮೊದಲು ಅವರಿಗೆ ನೀನೇ ಹೇಳಿಬಿಡು.