ಆಯುಧಪೂಜೆಯ ದಿನ ಕಂಡ ತುಕ್ಕು

ಅಕ್ಟೋಬರ್ 1, ಬುಧವಾರ. ಕ್ಯಾಂಟನ್, ಅಮೆರಿಕ.

ಆ ತುಕ್ಕು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಗಸ್ಟ್‌ನಲ್ಲಿ ಯೂಟಾದ ಉಪ್ಪಿನ ಬಯಲಲ್ಲಿ ಶ್ರೀಕಂಠ ಅಂಕಲ್ ಕಟ್ಟಿದ ನಮ್ಮ ರೇಸ್ ಕಾರು ಗಂಟೆಗೆ 203 ಮೈಲಿ ಓಡಿತು. ಆಮೇಲೆ ಅದರ ಅಡಿಭಾಗಕ್ಕೆ ಮೆತ್ತಿದ ಉಪ್ಪು ತೊಳೆಯುವ ಕೆಲಸ ನನ್ನದಾಗಿತ್ತು. ಫೋಟೋಗೆಂದು ಮೇಲೆ ಮಾತ್ರ ತೊಳೆದು, "ಎಲ್ಲಾ ಆಯ್ತು ಅಂಕಲ್" ಎಂದಿದ್ದೆ.

ಇವತ್ತು ಪೂಜೆಗೆ ಮೊದಲು ಶ್ರೀಕಂಠ ಅಂಕಲ್ ಕಾರನ್ನು ಜಾಕ್ ಹಾಕಿ ಎತ್ತಿದರು. ಅವರೇ ಆರು ವರ್ಷ ಕೂತು ವೆಲ್ಡ್ ಮಾಡಿದ ಚಾಸಿಯನ್ನು ಉಪ್ಪು ತಿಂದುಹಾಕಿತ್ತು.

"ನೀನು ತೊಳೆದಿದ್ದೆ. ನನ್ನ ಪೇಂಟೇ ಸರಿ ಇರ್ಲಿಲ್ಲ ಕಣಮ್ಮಾ," ಎಂದರು.

ಕುಂಕುಮ ತುಂಬಿದ ಬೂದುಗುಂಬಳವನ್ನು ನನ್ನ ಕೈಗಿಟ್ಟರು. "ನೀನೇ ಒಡಿ ನವ್ಯಾ. ಇದನ್ನ ನನಗಿಂತ ಚೆನ್ನಾಗಿ ನೋಡ್ಕೊಂಡೋಳು ನೀನು."

ಒಡೆದೆ.

ನಾಳೆಯಿಂದ ತಪ್ಪೇ ಇಲ್ಲದ ಆ ಪೇಂಟನ್ನು ಪೂರ್ತಿ ಉಜ್ಜಿ ತೆಗೆಯುತ್ತಾರಂತೆ. ಉಜ್ಜಲು ನನ್ನನ್ನೇ ಕರೆದರು. "ಬರ್ತೀನಿ ಅಂಕಲ್" ಎಂದು ಬಂದುಬಿಟ್ಟೆ.