ಬಿಳಿ ಕಂಡರೆ ತಿರುಗಿಬಿಡು

ಮೀಸೆ ಬಂದರೂ ನನಗಿನ್ನೂ ಮರಿಯೇ ಆಗಿರುವ ತಮ್ಮನಿಗೆ,

ಈ ಪತ್ರ ಓದಿ ಮುಗಿಸುವ ತನಕ ಲಂಗರು ಎತ್ತಿಸಬೇಡ. ಅಮ್ಮ ಚೆನ್ನಾಗಿದ್ದಾಳೆ. ನನಗೆ ಭಯವಿರುವುದು ಒಂದು ಗೋಡೆಯ ಬಗ್ಗೆ.

ಕಡಲಿನ ಕಡೆಗಿದ್ದ ನಮ್ಮ ಬಿಳಿ ಗೋಡೆ ಬಿರುಗಾಳಿಗೆ ಕುಸಿದುಬಿತ್ತು. ಅಪ್ಪ ವರ್ಷವರ್ಷವೂ ಏಣಿ ಹತ್ತಿ, ಅಮ್ಮನಿಂದ ಬೈಸಿಕೊಂಡು ಸುಣ್ಣ ಬಳಿಯುತ್ತಿದ್ದನಲ್ಲ, ಅದೇ. ಹಡಗಿನಿಂದ ನೋಡುವಾಗ ಗುಡ್ಡದ ನೀರಿನ ಟ್ಯಾಂಕು ಆ ಗೋಡೆಯ ನೆತ್ತಿಗೆ ಸರಿಯಾಗಿ ಬಂದರೆ ಸಾಕು, "ಕಣ್ಣು ಮುಚ್ಕೊಂಡು ಒಳಗೆ ಬರ್ತೀನಿ, ನಕ್ಷೆ ಯಾರಿಗೆ ಬೇಕು" ಎನ್ನುತ್ತಿದ್ದೆ ನೀನು. ಈಗ ಅಲ್ಲಿ ಬೂದು ತಗಡು ಹೊಡೆಸಿದ್ದೇವೆ.

ಅಷ್ಟೇ ಆಗಿದ್ದರೆ ಗೋಡೆ ಕಾಣದೆ ನೀನು ಹೊರಗೇ ನಿಲ್ಲುತ್ತಿದ್ದೆ. ಆದರೆ ಎರಡು ಮನೆ ಆಚೆಯ ಬೇಕರಿ ಮಾವ, ಅಪ್ಪನ ಮೇಲಿನ ಪ್ರೀತಿಗೆ, ತಮ್ಮ ಗೋಡೆಗೆ ಬಿಳಿ ಬಳಿಸಿಬಿಟ್ಟಿದ್ದಾರೆ. ಅದನ್ನೇ ನಮ್ಮದೆಂದು ನಂಬಿ ಟ್ಯಾಂಕಿನ ನೇರಕ್ಕೆ ಹಿಡಿದು ಬಂದರೆ ಹಡಗು ನೇರ ಮುಳುಗುಬಂಡೆಯ ಮೇಲೆ. ಬೇರೆ ಬಣ್ಣ ಬಳಿಸಿ ಎಂದು ಗೋಗರೆದೆ. "ಮೊನ್ನೆ ಮೀನಿನ ದೋಣಿಗಳು ಬಂದ್ವಲ್ಲ ಮಗಳೇ, ಏನಾಯ್ತು?" ಎಂದರು. ದೋಣಿಗಳು ಬಂಡೆಯ ಮೇಲೆ ತೇಲಿಹೋಗುತ್ತವೆ, ಸರಕು ತುಂಬಿದ ಹಡಗು ಹೋಗುವುದಿಲ್ಲ ಎಂದೆ. ಮುಖ ಊದಿಸಿಕೊಂಡು ಒಳಗೆ ಹೋದರು.

ಬಂದರು ಕಚೇರಿಗೂ ಹೋದೆ. ಅಧಿಕಾರಿ ಒಳ್ಳೆಯವನೇ. ಕುರ್ಚಿ ಕೊಟ್ಟು, ಕಾನೂನಿನ ಪುಸ್ತಕ ತೆಗೆದು ಓದಿದ: ನೌಕಾ ಮಾರ್ಗದರ್ಶಿ ಸಾಧನವೆಂದರೆ ಹಡಗುಗಳಿಗೆ ದಾರಿ ತೋರಿಸಲೆಂದೇ ಸ್ಥಾಪಿಸಿ, ಪಟ್ಟಿಗೆ ಸೇರಿಸಿದ ದೀಪ, ತೇಲುಬುರುಡೆ, ಕಂಬ ಅಥವಾ ಗುರುತು. ಅಂಥದ್ದೊಂದರ ಹಾಗೆ ಕಂಡು ಮೋಸಗೊಳಿಸುವುದನ್ನು ಅವನು ತೆಗೆಸಬಹುದಂತೆ. "ಆದ್ರೆ ನಿಮ್ಮ ಗೋಡೆ ಪಟ್ಟೀಲೇ ಇರ್ಲಿಲ್ಲ ಮೇಡಂ. ಇಲ್ಲದೇ ಇರೋ ಗುರುತಿನ ಹಾಗೆ ಇನ್ನೊಂದು ಕಾಣುತ್ತೆ ಅಂತ ನಾನು ಹೇಗೆ ಬರೀಲಿ?"

ಪಟ್ಟಿಗೆ ಸೇರಿಸಲು ಹಿಂದೊಮ್ಮೆ ಅವರೇ ಬಂದಿದ್ದರು, ನೆನಪಿದೆಯಾ? ಸೇರಿಸಿದರೆ ಮೊಳೆ ಹೊಡೆಯಲೂ ಸರ್ಕಾರದ ಅಪ್ಪಣೆ ಕೇಳಬೇಕಾಗುತ್ತದೆ ಎಂದು ಅಪ್ಪ ಅವರನ್ನು ಬಾಗಿಲಿನಿಂದಲೇ ಓಡಿಸಿದ. ಆ ಸಂಜೆ ನಾವೆಲ್ಲ ಎಷ್ಟು ನಕ್ಕೆವು.

ನೀರು ತುಂಬಿಸಿಕೊಳ್ಳಲು ನೀನು ನಿಲ್ಲುವ ಬಂದರಿನ ಏಜೆಂಟರಿಗೆ ಈ ಪತ್ರ ಕಳಿಸುತ್ತಿದ್ದೇನೆ. ಹೋದ ಸಲ ಮನೆ ಸೇರುವ ಆತುರದಲ್ಲಿ ನೀನು ಅಲ್ಲಿ ನಿಲ್ಲಲೇ ಇಲ್ಲ. ಈ ಸಲ ಖಂಡಿತ ನಿಲ್ಲು ಎಂದು ಬರೆಯಹೊರಟೆ. ನಿಂತರೆ ತಾನೇ ನೀನು ಇದನ್ನು ಓದುವುದು?

ನಿನ್ನ ಎಚ್ಚರಿಕೆಗೆಂದು ನಮ್ಮ ತಾರಸಿಯ ಮೇಲೆ ಅಪ್ಪನ ಕೆಂಪು ಕಂಬಳಿ ಕಟ್ಟಿದ್ದೇನೆ. ನೀನು ಅದನ್ನು ಒಗೆದು ಒಣಗಲು ಹಾಕಿದ್ದು ಎಂದುಕೊಳ್ಳುತ್ತೀ, ನನಗೆ ಗೊತ್ತು. ಅಮ್ಮ ಬೆಳಗಿನಿಂದ ಕಿಟಕಿ ಬಿಟ್ಟು ಏಳುತ್ತಿಲ್ಲ. ಬೇಕರಿ ಮಾವ ಎರಡನೇ ಸಲ ಬಣ್ಣ ಬಳಿಸುತ್ತಿದ್ದಾರೆ, ನಿನಗೆ ದೂರದಿಂದಲೇ ಕಾಣಲಿ ಎಂದು.

ಮರೀ, ಬಿಳಿ ಕಂಡರೆ ಅದು ನಮ್ಮ ಮನೆಯಲ್ಲ. ತಿರುಗಿಬಿಡು. ಆಳದ ನೀರು ನಿನ್ನನ್ನು ಕಾಯಲಿ.

ದಡದಲ್ಲಿ ನಿಂತಿರುವ
ನಿನ್ನ ಅಕ್ಕ