ಹಲಸಿನ ಮರದ ಕೋವಿ

ರಾವಂದೂರು, 12-3-1954

ಹುಣಸೂರಿನ ಕೋವಿ ರಿಪೇರಿ ಮೊಹಿದ್ದೀನ್ ಸಾಹೇಬರಿಗೆ ಪುಟ್ಟಮಾದಮ್ಮನ ನಮಸ್ಕಾರ.

ನಮ್ಮ ಯಜಮಾನರ ಮಿಲಿಟರಿ ಕೋವಿ ಪರೀಕ್ಷಿಸಿ ನೀವು ಬರೆದ ಕಾಗದ ತಲುಪಿತು. ನಳಿಗೆ, ಬೋಲ್ಟು ಎರಡೂ ಅಸಲಿ, ಭುಜಕ್ಕೆ ಒರಗಿಸುವ ಮರ ಮಾತ್ರ ಆಮೇಲಿನದು ಅಂದಿದ್ದೀರಿ. ನಿಜ. ಹಳೆಯದು ಸೀಳಿದಾಗ ನಮ್ಮ ಹಿತ್ತಲ ಹಲಸಿನಲ್ಲಿ ಅವರೇ ಕೆತ್ತಿ ಕೂರಿಸಿದರು. "ನಮ್ಮಿಬ್ಬರಿಗಿಂತ ಜಾಸ್ತಿ ಬಾಳ್ತದೆ ಬುಡು" ಅಂದಿದ್ದರು.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಕೋವಿ ಕೊಳ್ಳುವವರಿಗೆ ಎಲ್ಲವೂ ಅಸಲಿಯೇ ಬೇಕಂತೆ. ಹಾಗಾದರೆ ಮಿಲಿಟರಿಯದೇ ಮರ ಹುಡುಕಿ ಹಾಕಿ ಅವರಿಗೆ ಕೊಡಿ. ಬಿಚ್ಚಿದ್ದನ್ನು ಗೋಣಿಯಲ್ಲಿ ಸುತ್ತಿ ನನಗೆ ಬಸ್ಸಿನಲ್ಲಿ ಕಳಿಸಿ. ಯಜಮಾನರು ಕೆನ್ನೆ ಒತ್ತುತ್ತಿದ್ದ ಜಾಗ ಕಪ್ಪಾಗಿದೆ, ದಯವಿಟ್ಟು ಉಜ್ಜಬೇಡಿ.

ಬರೀ ಮರ ಇಟ್ಟುಕೊಳ್ಳಲು ಲೈಸೆನ್ಸು ಬೇಡವಂತೆ. ಅಮಲ್ದಾರರ ಕಚೇರಿಗೆ ಹೋಗಿ ಕೇಳಿಕೊಂಡು ಬಂದಿದ್ದೇನೆ.

ಬಸ್ಸಿನ ದಾರಿ ನೋಡುವ,
ಪುಟ್ಟಮಾದಮ್ಮ